ನೀರಿನಲ್ಲಿ ಬೀಸುತ್ತಿದ್ದವಳು

ನಂಬುವುದಾದರೆ ನಂಬಿ, ಇಲ್ಲವಾದರೆ ಬಿಡಿ. ದೆವ್ವ, ಭೂತ ಎಂದು ಬಂದವರನ್ನು ನಕ್ಕು ಕಳಿಸುವವಳು ನಾನು. ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಆದರೆ ಆ ಸಂಜೆ ಬಾಗಲಕೋಟೆಯ ನವನಗರದಲ್ಲಿ ನಡೆದದ್ದು ಖರೆ.

ಎಲ್ಲಿಂದಲೋ ಬಂದ ಕಲಾವಿದನೊಬ್ಬ ‘ಮುಳುಗಿದ ಊರಿನ ಕನಸು’ ಎಂಬ ಪ್ರದರ್ಶನ ಇಟ್ಟಿದ್ದ. ಅಣೆಕಟ್ಟಿನ ಹಿನ್ನೀರಿಗೆ ಹೋದ ಹಳೇ ಊರಿನ ಫೋಟೊಗಳನ್ನು, ಅಲ್ಲಿದ್ದವರ ನೆನಪುಗಳನ್ನು ಕೃತಕ ಬುದ್ಧಿಮತ್ತೆಗೆ ಉಣಿಸಿದ್ದನಂತೆ. ಅದು ಕನಸು ಕಂಡು ಗೋಡೆಯ ಮೇಲೆ ತೋರಿಸುತ್ತದಂತೆ!

ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ನನ್ನ ಅಕ್ಕ ಗಂಗಕ್ಕ ಮಗ್ಗ ಬಿಟ್ಟು ಬಂದಿದ್ದಳು. ನಮ್ಮ ತವರುಮನೆಯೂ ನೀರಿಗೆ ಹೋದದ್ದೇ.

“ನಮ್ಮ ಓಣಿ ಕಂಡರೂ ಕಾಣಬಹುದು, ನಡಿ ನೋಡೂಣು.”

ಎಂಥ ಕನಸು! ಕತ್ತಲೆ ಕೋಣೆ, ಒಡೆದ ಹಂಚಿನ ಗುಡ್ಡೆ, ಸ್ಪೀಕರಿನಿಂದ ನಿಟ್ಟುಸಿರು. ಗೋಡೆಯ ಮೇಲೆ ಓಣಿಗಳು ಮೇಣದಂತೆ ಕರಗುತ್ತಿದ್ದವು. ಇಳಕಲ್ ಸೀರೆಯ ಸೆರಗು ಒಬ್ಬಳ ಕುತ್ತಿಗೆಯೊಳಗೇ ಬೆಳೆದುಕೊಂಡಿತ್ತು.

“ಕೈಗೆ ಆರು ಬೆರಳು ಯಾಕ ಬಂದಾವ್ರಿ?” ಎಂದೆ.

“ಕನಸಲ್ಲಿ ಬೆರಳು ಎಣಿಸ್ತೀರಾ ಮೇಡಂ?” ಎಂದು ಕಲಾವಿದ ನಕ್ಕ. ನನ್ನ ಎಂಟನೇ ತರಗತಿಯ ಮಕ್ಕಳು ಹೀಗೆ ಬಿಡಿಸಿದ್ದರೆ ಹಾಳೆ ಹರಿದುಹಾಕುತ್ತಿದ್ದೆ.

ನೋಡಲು ಬಂದ ಜನ ಕರಗಿದರು. ಕಾಲು ನೋವೆಂದು ಅಕ್ಕ ಬೆಂಚಿನ ಮೇಲೆ ಕುಳಿತಳು, ನಾನೂ ಕುಳಿತೆ. ಗೋಡೆ ಒಮ್ಮೆ ಕಪ್ಪಾಯಿತು.

ಆಗ ಕೇಳಿಸಿತು... ಗರ್ರ್... ಗರ್ರ್... ಬೀಸುಕಲ್ಲಿನ ಸದ್ದು.

ಜೊತೆಗೆ ವಾಸನೆ. ತೊಯ್ದು ಹುಳಿತ ಜೋಳದ ಹಿಟ್ಟಿನದು. ಆ ಯಂತ್ರಕ್ಕೆ ಮೂಗೆಲ್ಲಿತ್ತು?

ಗೋಡೆಯ ಮೇಲೆ ನಮ್ಮ ತವರಿನ ಅಡುಗೆಮನೆ. ಕರಗುತ್ತಿರಲಿಲ್ಲ, ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ. ಸೊಂಟದವರೆಗೆ ನೀರು. ಅದರಲ್ಲಿ ಕುಳಿತು ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ಬೀಸುತ್ತಿದ್ದಳು. ಬಳೆಯಿಲ್ಲದ ಕೈ. ಇವಳು ನಮ್ಮವ್ವ ಅಲ್ಲ.

ಇದು ವರ್ಷಗಳಿಂದ ನನಗೆ ಬೀಳುತ್ತಿದ್ದ ಕನಸು! ಗಂಡನಿಗೂ ಹೇಳಿರಲಿಲ್ಲ.

ಅಕ್ಕ ನನ್ನ ಮುಂಗೈ ಹಿಡಿದಳು. “ಶಾರದಾ... ಇದು ನನ್ನ ಕನಸು. ನಾ ಯಾರ ಮುಂದೂ ಹೇಳಿಲ್ಲ.”

ಬೀಸುವ ಸದ್ದು ನಿಂತಿತು. ಕನಸಿನಲ್ಲಿ ಅದು ಎಂದೂ ನಿಂತಿರಲಿಲ್ಲ. ಹೆಂಗಸಿನ ಹೆಗಲು ಮೆಲ್ಲಗೆ ಇತ್ತ ಹೊರಳತೊಡಗಿತು.

“ಆಕಿ ಕಡೆ ನೋಡಬ್ಯಾಡ, ಕಣ್ಣು ಮುಚ್ಚು!” ಅಕ್ಕ ಪಿಸುಗುಟ್ಟಿದಳು.

ನಾನು ಮುಚ್ಚಲಿಲ್ಲ. ಯಂತ್ರದ ಆಟಕ್ಕೆ ಹೆದರುವುದೇ?

ಅವಳಿಗೆ ಮುಖವಿತ್ತು. ಅದನ್ನು ಬಿಡಿಸಲು ಎಷ್ಟೋ ಸಲ ಕುಳಿತಿದ್ದೇನೆ, ಪೆನ್ಸಿಲ್ ಏಳುವುದಿಲ್ಲ. ಅವಳು ನನ್ನನ್ನೇ ನೋಡುತ್ತ, ಕಲ್ಲಿನ ಆಚೆ ಬದಿಯ ಖಾಲಿ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದಳು. ನೀರು ಚಿಮ್ಮಿದ ಸದ್ದು...

ಪಕ್ಕನೆ ದೀಪ ಹತ್ತಿತು. ಕಲಾವಿದ ಬಾಗಿಲಲ್ಲಿ ನಿಂತಿದ್ದ.

“ಇನ್ನೂ ಇಲ್ಲೇ ಇದ್ದೀರಾ? ಯಂತ್ರ ಆಗಲೇ ಆರಿಸಿದ್ದೆನಲ್ಲ!”

ಅಕ್ಕ ಕಂಡದ್ದನ್ನು ಹೇಳಿದಳು. ಆ ಮನುಷ್ಯನ ಮುಖ ಅರಳಿತು. “ಅದ್ಭುತ! ಇದನ್ನೂ ಯಂತ್ರಕ್ಕೆ ಹಾಕೋಣ. ಮೊಬೈಲಲ್ಲಿ ರೆಕಾರ್ಡ್ ಮಾಡ್ಲಾ?”

“ನಿಮ್ಮ ಯಂತ್ರದ ಬಾಯಾಗ ಮಣ್ಣು ಹಾಕ್ರಿ” ಎಂದು ಅಕ್ಕನನ್ನು ಎಳೆದುಕೊಂಡು ಬಂದೆ.

ಅದಾದ ಮೇಲೆ ನನಗೆ ಆ ಕನಸು ಬಿದ್ದಿಲ್ಲ. ಯಾವ ಕನಸೂ ಬೀಳುವುದಿಲ್ಲ. ಬೆಳಿಗ್ಗೆ ಏಳುವಾಗ ಬಲ ರಟ್ಟೆ ಮಾತ್ರ ಸಿಡಿಯುತ್ತಿರುತ್ತದೆ. ದವಾಖಾನೆಯವರು ಗುಳಿಗೆ ಕೊಟ್ಟಿದ್ದಾರೆ, ಗುಣ ಕಂಡಿಲ್ಲ.

ನಿನ್ನೆ ಅಕ್ಕನ ಫೋನ್ ಬಂತು. “ಶಾರದಾ, ಈಗ ಕನಸಿನ್ಯಾಗ ಇಬ್ಬರು ಎದುರುಬದುರು ಕುಂತು ಬೀಸಾಕತ್ತಾರ.”

“ಇನ್ನೊಬ್ಬಾಕಿ ಯಾರು?”

ಆ ಕಡೆ ಅಕ್ಕನ ಮಗ್ಗದ ಸದ್ದು ನಿಂತಿತು.

“ಎಷ್ಟು ಕರದರೂ ನೀ ಹೊರಳಿ ನೋಡವಲ್ಲಿ.”