ಕಡಗದ ಕಚ್ಚು

ಮೊನ್ನೆ ಕಲಬುರಗಿಯ ಹೊಸ ಬೆಳ್ಳಿ ಅಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ಜೊತೆ ಕಡಗ ಕಂಡೆ. ಎರಡರ ಅಂಚಿನಲ್ಲೂ ಅರ್ಧಚಂದ್ರದಂಥ ಕಚ್ಚು. “ಆಳಂದ ಕಡೀ ಹಳೇ ಡಿಸೈನ್ ಅದರೀ ಮೇಡಂ, ಭಾಳ ಟ್ರೆಡಿಷನಲ್,” ಎಂದಳು ಅಂಗಡಿಯ ಹುಡುಗಿ. ನನ್ನ ಕಿವಿ ಬಿಸಿಯಾಯಿತು. ಯಾಕೆನ್ನುತ್ತೀರಿ, ಆ ಪರಂಪರೆಯನ್ನು ಹೆತ್ತ ತಾಯಿ ನಾನೇ.

ಎಂಬತ್ತರ ದಶಕದ ಮಾತು. ದೂರದ ವಿನ್ಯಾಸ ಕಾಲೇಜೊಂದರಲ್ಲಿ ಓದುತ್ತಿದ್ದೆ. ಅಲ್ಲಿ ಬೆಳ್ಳಿಗಿಂತ ಹೆಚ್ಚಾಗಿ ಬೆಳ್ಳಿಯ ಬಗ್ಗೆ ಮಾತಾಡುವುದನ್ನು ಕಲಿಸುತ್ತಿದ್ದರು. ಮೂರು ತಿಂಗಳು ಅಕ್ಕಸಾಲಿಗರೊಬ್ಬರ ಬಳಿ ಕಲಿತು ವರದಿ ಬರೆದರೆ ಪದವಿ. ಹಾಗೆ ಆಳಂದದ ಕಾಳಪ್ಪ ಪತ್ತಾರರ ಅಂಗಡಿಗೆ ಹೋದೆ. ಖಾದಿ ಜುಬ್ಬಾ, ಹೆಗಲಿಗೆ ಜೋಳಿಗೆ. ಯಾರೂ ಭಿಕ್ಷೆ ಹಾಕದಿದ್ದುದೇ ಪುಣ್ಯ. ಪತ್ತಾರರು ಮೊದಲ ವಾರವೆಲ್ಲ ತಾಮ್ರದ ಪಟ್ಟಿಗಳನ್ನು ಅರದಿಂದ ಉಜ್ಜಿಸಿದರು. “ಬರಿಯೂದು ಸಾಕ್ ಮಾಡವ್ವ, ಅರಾ ಹಿಡಿ,” ಎನ್ನುವರು. ನಾನು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ.

ಒಂದು ದಿನ ನಿಂಬರ್ಗಾದ ಗುರುಬಸವ್ವ ತನ್ನ ಕೈಯ ದಪ್ಪ ಕಡಗವನ್ನು ಮಾದರಿಗೆಂದು ತೆಗೆದಿಟ್ಟಳು. ಮಗಳ ಮದುವೆಗೆ ಅಂಥದೇ ಜೊತೆ ಬೇಕು. ಪತ್ತಾರರು ಬೆಳ್ಳಿ ಬಡಿದು ಬಾಗಿಸಿ, ಅಂಚು ತಿದ್ದುವ ಕೆಲಸ ನನಗೊಪ್ಪಿಸಿ, ಜೇವರ್ಗಿಯ ನೆಂಟರ ಮನೆಗೆ ಹೋದರು. ಹಳೆಯ ಕಡಗದಲ್ಲೊಂದು ಕಚ್ಚಿತ್ತು. ನನಗೆ ಕಂಡದ್ದು ಕಚ್ಚಲ್ಲ, ಜನಪದರ ಕಲ್ಪನೆ! ‘ಸುಗ್ಗಿಯ ಅರ್ಧಚಂದ್ರ’ ಎಂದು ಹೆಸರಿಟ್ಟು, ಎರಡು ದಿನ ಕೂತು, ಎರಡೂ ಹೊಸ ಕಡಗಗಳಲ್ಲಿ ಅದನ್ನು ಕೊರೆದೆ. ಗುರುಬಸವ್ವನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಓದಿದವಳ ಮರ್ಯಾದೆ ಏನಾಗಬೇಕು?

ಮದುವೆಗೆ ಎರಡು ದಿನವಿರುವಾಗ ಆಕೆ ಬಂದಳು. ಅಂದೇ ಪತ್ತಾರರೂ ಮರಳಿದ್ದರು. ಕಡಗ ತಿರುಗಿಸಿ ನೋಡಿದವಳ ಮುಖ ಕಪ್ಪಿಟ್ಟಿತು. “ಇದೇನ್ ಮಾಡೀರಿ ಯವ್ವಾ? ಜ್ವಾಳ ಕೊಯ್ಯಾಗ ನನಗ ಕುಡಗೋಲು ಬಡದಿತ್ತು. ಕಡಗ ಇತ್ತಂತ ಕೈ ಉಳೀತು. ನನ್ನ ಮಗಳಿಗಿ ಮದಿವಿಗಿಂತ ಮೊದಲೇ ಏಟು ಹಾಕ್ತೀರೇನು?”

ಪತ್ತಾರರು ಬೈಯಲಿಲ್ಲ. “ಕರಗಸು,” ಎಂದರು. ಮೂಸೆಯಲ್ಲಿ ನನ್ನ ಅರ್ಧಚಂದ್ರಗಳೆರಡೂ ನೀರಾದವು. ಅವರು ಊಟ ಬಿಟ್ಟು ಕೂತು, ಮರುದಿನ ಸಂಜೆಗೆ ಹೊಸ ಜೊತೆ ಮಾಡಿಕೊಟ್ಟರು.

ಇಲ್ಲಿಗೇ ಮುಗಿದಿದ್ದರೆ ನಾನು ಬರೀ ದಡ್ಡಿ ಅನಿಸಿಕೊಳ್ಳುತ್ತಿದ್ದೆ. ಆದರೆ ನೋಟ್‌ಬುಕ್ಕಿನಲ್ಲಿ ಅರ್ಧಚಂದ್ರದ ಚಿತ್ರ ಉಳಿದಿತ್ತಲ್ಲ! ಕಾಲೇಜಿಗೆ ತೋರಿಸಲು ಬೇರೇನೂ ಇರಲಿಲ್ಲ. ಅದನ್ನೇ ವರದಿ ಮಾಡಿ ಕೊಟ್ಟೆ. “ಮಣ್ಣಿನ ನೆನಪಿದೆ,” ಎಂದು ಪ್ರೊಫೆಸರು ಕಣ್ಣು ಮುಚ್ಚಿ ತಲೆದೂಗಿದರು. ಕಣ್ಣು ತೆರೆದು ನೋಡುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ. ನನಗೆ ಮೊದಲ ದರ್ಜೆ ಬಂತು. ನಾಚಿಕೆಯಾದರೂ ಬಾಯಿ ಬಿಡಲಿಲ್ಲ. ವರದಿ ಗ್ರಂಥಾಲಯ ಸೇರಿತು, ಅಲ್ಲಿಂದ ಕಿರಿಯರ ಕೈಗೆ, ಕೊನೆಗೆ ಈ ಗಾಜಿನ ಪೆಟ್ಟಿಗೆಗೆ.

“ತೆಗದ್ ತೋರಸ್ಲೇನ್ರಿ?” ಹುಡುಗಿ ಕೇಳಿದಳು.

“ಬ್ಯಾಡವ್ವ. ಅದು ಡಿಸೈನ್ ಅಲ್ಲ, ಕುಡಗೋಲಿನ ಏಟು.”

ಆಕೆ ನಕ್ಕಳು. “ಯಾರ್ ಹೇಳಿದ್ರಿ ನಿಮಗ?”

“ನಿಂಬರ್ಗಾದ ಗುರುಬಸವ್ವ,” ಎಂದೆ. ನನ್ನ ನಲವತ್ತು ಪುಟದ ವರದಿಯಲ್ಲಿ ಆ ಹೆಸರು ಎಲ್ಲೂ ಇಲ್ಲ.