ಸಾರನ್ ಬೈಯದೆ ಹೋದ ದಿನ

"ಸಾರನ್ ಕುಲಿಬಾಲಿ ಎದುರು ಕೆಮ್ಮಬೇಡಿ. ಯಾಕೆ ಕೆಮ್ಮು ಬಂತು ಅಂತ ಹೇಳಿಬಿಡ್ತಾಳೆ" ಎಂದು ಸೆಗೂ ಪಟ್ಟಣದ ನಮ್ಮ ಓಣಿಯ ಜನ ಅನ್ನುತ್ತಿದ್ದರು. ದಾದಿಯರ ಶಾಲೆಯಲ್ಲಿ ಅವಳು ಕಲಿಸುತ್ತಿದ್ದುದೂ ಅದನ್ನೇ: ಕಾಯಿಲೆ ಯಾರದೋ, ಸುದ್ದಿ ಮೊದಲು ಅವರ ಕಿವಿಗೇ ಬೀಳಬೇಕು. ಹುಡುಗಿಯರು ಅದನ್ನು ಬಾಯಿಪಾಠ ಮಾಡಿ ಪಾಸಾಗುತ್ತಿದ್ದರು. ವಾರ್ಡಿಗೆ ಬಂದೊಡನೆ ರೋಗಿಯ ಅಣ್ಣನನ್ನು ಹೊರಗೆ ಕರೆದು ಅವನ ಕಿವಿಯಲ್ಲಿ ಉಸುರುತ್ತಿದ್ದರು. ನಮ್ಮ ಕಡೆ ಹಾಗೇ. ರೋಗಿಗೆ ಗೊತ್ತಾಗುವುದು ಎಲ್ಲರಿಗಿಂತ ಕೊನೆಗೆ; ಗೊತ್ತಾಗದಿದ್ದರೂ ನಡೆಯುತ್ತದೆ.

ಪಕ್ಕದ ಮನೆಯ ದರ್ಜಿ ಬಾಂಜುಗು ಕೇಯ್ತಾನದು ಮಾತ್ರ ಅವಳಿಗೆ ಬೇರೆ ಲೆಕ್ಕ. ಕುಲಿಬಾಲಿ ಮನೆತನಕ್ಕೂ ಕೇಯ್ತಾ ಮನೆತನಕ್ಕೂ ಮುತ್ತಜ್ಜಂದಿರ ಕಾಲದಿಂದ ಬೈಗುಳದ ನಂಟು. ಎದುರಾದರೆ ‘ಅಲಸಂದೆ ತಿನ್ನೋರು’ ಅಂತಲೋ ಇನ್ನೇನೋ ಅಂತಲೋ ಬೈಯಬೇಕು, ಬೈಸಿಕೊಂಡವರು ನಗಬೇಕು, ಸಿಟ್ಟು ಬಂದರೆ ಮಾನ ಹೋಯಿತು. ಮಣ್ಣಿನ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ಇದನ್ನು ಬೆಳಗಿನ ನಮಾಜಿನಷ್ಟೇ ತಪ್ಪದೆ ನಡೆಸಿಕೊಂಡು ಬಂದಿದ್ದರು.

ಬಾಂಜುಗುವಿಗೆ ಸಕ್ಕರೆ ಕಾಯಿಲೆ. ಬಲಗಾಲಿಗೆ ಸೂಜಿ ಹೊಕ್ಕಿದ್ದು ಅವನಿಗೆ ತಿಳಿಯಲೇ ಇಲ್ಲ; ವಾಸನೆ ಬಂದ ಮೇಲೆ ಹೆಂಡತಿ ಆಸ್ಪತ್ರೆಗೆ ಸೇರಿಸಿದಳು. ಮೊಣಕಾಲ ಕೆಳಗೆ ಕತ್ತರಿಸಬೇಕು, ಇಲ್ಲವಾದರೆ ವಿಷ ಮೈಗೇರಿ ಸಾಯುತ್ತಾನೆ ಎಂದು ಡಾಕ್ಟರು ಅವನ ಅಣ್ಣ ಫಮೋರಿಗೆ ಹೇಳಿದರು.

"ಅವನಿಗೆ ಹೇಳ್ಬೇಡಿ, ಎದೆ ಒಡ್ಕೊಂಡ್ಬಿಡ್ತಾನೆ. ಮುಲಾಮು ಹಚ್ತಾ ಇರಿ, ಮೇಲೆ ದೇವರಿದ್ದಾನೆ" ಎಂದ ಫಮೋರಿ. ಡಾಕ್ಟರು ಆಗಲಿ ಎಂದರು. ಅವರಿಗೂ ಒಬ್ಬ ಅಣ್ಣ ಇದ್ದ.

ಸಾರನ್ ತನ್ನ ಹುಡುಗಿಯರನ್ನು ಹಿಂದಿಟ್ಟುಕೊಂಡು ನೆಟ್ಟಗೆ ಹಾಸಿಗೆಯ ಬಳಿಗೆ ಬಂದಳು. "ಲೇ ಕೇಯ್ತಾ, ಕಾಲು ಕೊಳೆತಿದೆ ಕಣೋ. ಕತ್ತರಿಸದೆ ಇದ್ರೆ ಸಾಯ್ತೀಯ."

ಬಾಂಜುಗು ಮಂಚ ಕುಲುಕುವಂತೆ ನಕ್ಕ. "ನೋಡ್ರಪ್ಪಾ, ಅಲಸಂದೆ ತಿನ್ನೋ ಕುಲಿಬಾಲಿಗೆ ಈಗ ಕಾಲು ಸೂಪು ಬೇಕಂತೆ!"

"ತಮಾಷೆ ಅಲ್ಲ ಕಣೋ."

"ನಿನ್ನ ಮುಖಾನೇ ತಮಾಷೆ. ಬೇಯಿಸೋಕೆ ಮನೇಲಿ ಉಪ್ಪಾದ್ರೂ ಇದೆಯೇನೇ?"

ಇಡೀ ವಾರ್ಡು ನಕ್ಕಿತು. ಹುಡುಗಿಯರೂ ನಕ್ಕರು. ಮರುದಿನ ಅವಳು ಇನ್ನೂ ಗಟ್ಟಿಯಾಗಿ ಹೇಳಿದಳು, ಜನ ಇನ್ನೂ ಗಟ್ಟಿಯಾಗಿ ನಕ್ಕರು. ನಕ್ಕ ರಭಸಕ್ಕೆ ಪಕ್ಕದ ಹಾಸಿಗೆಯವನ ಹೊಲಿಗೆ ಬಿಚ್ಚಿತು. ಬಾಂಜುಗುವಿನ ಕಾಲಿನಲ್ಲಿ ಕೊಳೆತದ ಕಪ್ಪು ಪಾದವನ್ನು ದಾಟಿ ಮೇಲೆ ಹತ್ತಿತು.

ಸತ್ಯ ಹೇಳಿದ್ದೇನೆಂದು ಹಗುರಾಗಿದ್ದ ಸಾರನ್‌ಗೆ ಆಗ ಹೊಳೆಯಿತು. ಕುಲಿಬಾಲಿ ಹೇಳಿದ್ದನ್ನು ಯಾವ ಕೇಯ್ತಾ ನಂಬಿದ್ದುಂಟು?

"ಬೇರೆ ಯಾರಿಂದಾದ್ರೂ ಹೇಳಿಸಿ ಅಮ್ಮಾ" ಎಂದಳು ಅವಳ ಶಿಷ್ಯೆ ಜೆನೆಬಾ.

"ಎಲ್ಲರ ಬಾಯಿಗೂ ಅವನ ಅಣ್ಣ ಬೀಗ ಹಾಕಿದ್ದಾನೆ. ನೀನು ಹೇಳ್ತೀಯಾ?"

ಜೆನೆಬಾ ಬ್ಯಾಂಡೇಜು ಸುತ್ತಿಡತೊಡಗಿದಳು. ಅದಾಗಲೇ ಸುತ್ತಿಯೇ ಇತ್ತು.

ಮೂರನೆಯ ದಿನ ಸಾರನ್ ತಲೆ ಮೇಲೆ ಬಟ್ಟೆ ಹೊದ್ದು ಬಂದಳು. ಗಿಡ್ಡ ಮಣೆ ಎಳೆದು ಕೂತು, ಕಣ್ಣು ನೆಲಕ್ಕಿಳಿಸಿ ಕೇಳಿದಳು: "ಬಾಂಜುಗು ಅಣ್ಣಾವ್ರೇ, ರಾತ್ರಿ ನೆಮ್ಮದಿಯಾಗಿ ಕಳೀತಾ? ಮಕ್ಕಳುಮರಿ ಸುಖವಾ?"

ನಗಲು ತೆರೆದಿದ್ದ ಬಾಂಜುಗುವಿನ ಬಾಯಿ ಹಾಗೇ ನಿಂತಿತು. "ಏನೇ ಇದು? ಬಯ್ಯೇ."

"ನಿಮ್ಮ ಕಾಲಿನ ವಿಷಯ ಹೇಳೋಕೆ ಬಂದೆ."

"ಮೊದ್ಲು ಬಯ್ಯೇ ಸಾರನ್. ನಿನ್ನ ದಮ್ಮಯ್ಯ, ಒಂದೇ ಒಂದು ಸಲ."

ಅವಳು ಬೈಯಲಿಲ್ಲ. ವಾರ್ಡಿನಲ್ಲಿ ಯಾರೂ ನಗಲಿಲ್ಲ. ಎಲ್ಲವನ್ನೂ ಮೆಲ್ಲಗೆ ಹೇಳಿ ಮುಗಿಸಿದಳು.

"ಕತ್ತರಿಸಿದ್ರೆ ಉಳೀತೀನಾ?"

"ಗೊತ್ತಿಲ್ಲ. ಹಾಗೇ ಬಿಟ್ರೆ ಏನಾಗುತ್ತೆ ಅಂತ ಮಾತ್ರ ಗೊತ್ತು. ಬೇಕೋ ಬೇಡವೋ ನೀವೇ ಹೇಳ್ಬೇಕು."

"ಮಿಷನ್ ತುಳಿಯೋದು ಈ ಕಾಲಲ್ಲೇ. ಅಣ್ಣಂಗೆ ಗೊತ್ತಾ?"

"ನಿಮಗಿಂತ ಮೊದಲೇ."

ಬಾಂಜುಗು ಹೊದಿಕೆ ಸರಿಸಿ ಎಡಗಾಲು ಆಡಿಸಿ ನೋಡಿದ. "ಎಡಗಾಲಿಗೆ ಕೆಲಸ ಕಲಿಸ್ಬೇಕು. ಅದು ಮೊದಲಿಂದ್ಲೂ ಸೋಮಾರಿ. ಕರೀರಿ ಡಾಕ್ಟರನ್ನ" ಎಂದ.

ಬಾಂಜುಗು ಉಳಿದ. ಎಡಗಾಲೂ ಕಲಿಯಿತು, ಹೊಲಿಗೆ ಮಾತ್ರ ಸ್ವಲ್ಪ ಸೊಟ್ಟ. ಮನೆಯ ಹಿರಿಯನನ್ನು ಮೀರಿದಳೆಂದು ಫಮೋರಿ ದೂರು ಕೊಟ್ಟ. ಶಾಲೆಯವರು ಸಾರನ್‌ಳನ್ನು ವಾರ್ಡಿನಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಹತ್ತಿ, ಟಿಂಚರು ಕೇಳಿಕೊಂಡು ಬಂದ ಹುಡುಗಿಯರಿಗೆ ಅವಳು ಅಲ್ಲೇ ಪಾಠ ಮುಂದುವರಿಸಿದಳು. ಹೇಗೆ ಕೂತು ಹೇಳಬೇಕು ಎಂಬುದನ್ನೂ ಸೇರಿಸಿದಳು.

ವರ್ಷಗಳು ಕಳೆದ ಮೇಲೆ, ಮಳೆಗಾಲದ ಜ್ವರದಲ್ಲಿ ಸಾರನ್ ತೀರಿಕೊಂಡಳು. ಹೆಣ ಹೊತ್ತವರು ಬಾಗಿಲಿಗೆ ಬಂದಾಗ ಬಾಂಜುಗು ಊರುಗೋಲು ಅಡ್ಡ ಹಿಡಿದು ನಿಂತಿದ್ದ. ಹೆಣ ತಡೆದು, ಕಾಣಿಕೆ ಸಿಗುವ ತನಕ ಬೈದು ನಗಿಸುವುದು ಸಾವಿನ ಮನೆಯಲ್ಲಿ ಬೈಗುಳದ ನಂಟನ ಕರ್ತವ್ಯ.

"ಇಳಿಸ್ರೋ! ಇವಳು ನನ್ನ ಕಾಲು ತಗೊಂಡಿದ್ದಾಳೆ. ವಾಪಸ್ ಕೊಡದೆ ಎಲ್ಲಿಗೆ ಹೊರಟ್ಲು?"

ಅಳುತ್ತಿದ್ದ ಹೆಂಗಸರು ಸೆರಗಿನಲ್ಲೇ ನಕ್ಕರು. ದಾರಿ ಬಿಡಿಸಿಕೊಳ್ಳಲು ಅವಳ ತಮ್ಮ ಅವನ ಕೈಗೆ, ನಮ್ಮಲ್ಲಿ ಅಡಿಕೆಯಂತೆ ಅಗಿಯುವ ಕೋಲಾ ಕಾಯಿ ಒಂದನ್ನು ಇಟ್ಟ.

"ಒಂದೇನಾ? ಜಿಪುಣ ಮನೆತನ!"

ಇನ್ನೊಂದು ಇಟ್ಟ. ಬಾಂಜುಗು ಸರಿದ. ಊರುಗೋಲಿನವನು ಸರಿಯಲು ಹೊತ್ತು ಹಿಡಿಯಿತು, ಹೊತ್ತವರು ಕಾದರು. ಆಮೇಲೆ ಸಾರನ್ ಹೊಸ್ತಿಲು ದಾಟಿದಳು.