ವಿಮಲಾಕ್ಷಿಯ ನಾಟ್ ಕ್ರೆಡಿಬಲ್

ಶಿವಾಜಿನಗರದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಕೂತು ವಿಮಲಾಕ್ಷಿ ಇಪ್ಪತ್ತೆರಡು ವರ್ಷ ಟೈಪು ಮಾಡಿದಳು. ಏನು ಟೈಪು ಮಾಡಿದಳು ಎಂದು ಕೇಳಿದರೆ, ಜನರ ಅನ್ನ ಕಿತ್ತುಕೊಳ್ಳುವ ಕಾಗದ ಎಂದೇ ಹೇಳಬೇಕು. ಅದಕ್ಕೆ ನಾಜೂಕಿನ ಮಾತು ಹುಡುಕಿ ಪ್ರಯೋಜನವಿಲ್ಲ.

ಅವಳ ಸಾಹೇಬರು ವಕೀಲ ಭಗವಂತರಾಯರು. ಕಾರ್ಖಾನೆಯಲ್ಲಿ ಯಾರ ಮೇಲಾದರೂ ಆರೋಪ ಬಂದರೆ, ಅವನನ್ನು ಮನೆಗೆ ಕಳಿಸುವ ಮುಂಚೆ ಎಂಕ್ವೈರಿ ನಡೆಯಬೇಕಲ್ಲ, ಆ ಎಂಕ್ವೈರಿ ನಡೆಸುವವರು ಇವರು. ಫೀಸು ಕೊಡುವುದು ಕಂಪನಿ. ಇನ್ನು ತೀರ್ಮಾನ ಯಾವ ಕಡೆ ವಾಲುತ್ತದೆ ಎಂದು ಬಿಡಿಸಿ ಹೇಳಬೇಕೆ? ಕೆಲಸಗಾರ ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ, ಮತ್ತೆ ಕನ್ನಡದಲ್ಲಿ ಅವನಿಗೆ ಓದಿ ಹೇಳಿ, ಪುಟಪುಟಕ್ಕೂ ಸಹಿ ಹಾಕಿಸುವುದು, ಕೊನೆಗೆ ಸಾಹೇಬರ ತೀರ್ಮಾನದ ಕರಡು ಬರೆದುಕೊಡುವುದು ವಿಮಲಾಕ್ಷಿಯ ಪಾಲಿನ ಕೆಲಸ.

ದಾವಣಗೆರೆಯ ಕನ್ನಡ ಶಾಲೆಯಲ್ಲಿ ಓದಿದವಳು. ಮದುವೆಯಾಗಿ ಕಲ್ಯಾಣ ನಗರಕ್ಕೆ ಬಂದ ಮೇಲೆ ಈ ಕೆಲಸ ಸಿಕ್ಕಿತು. ಮೊದಲ ತಿಂಗಳಲ್ಲೇ ಒಬ್ಬ ಕೆಲಸಗಾರನ ಬಗ್ಗೆ, ಇವನು ಸುಳ್ಳು ಹೇಳುತ್ತಿದ್ದಾನೆ ಎಂದು ಬರೆದು ಚೆನ್ನಾಗಿ ಬೈಸಿಕೊಂಡಳು.

"ಸುಳ್ಳು ಅಂತ ಬರೀಬೇಡಮ್ಮ" ಎಂದಿದ್ದರು ಭಗವಂತರಾಯರು. "ಸುಳ್ಳು ಅಂದ್ರೆ ನಾವು ರುಜುವಾತು ಮಾಡ್ಬೇಕಾಗತ್ತೆ. ನಾಟ್ ಕ್ರೆಡಿಬಲ್ ಅನ್ನು. ನಂಬೋ ಹಾಗಿಲ್ಲ, ಅಷ್ಟೆ. ಮನುಷ್ಯನ ಮೇಲೆ ಹಾಕ್ಬೇಡ, ಅವನ ಮಾತಿನ ಮೇಲೆ ಹಾಕು."

ಅಂದು ಸಂಜೆಯೇ ಅವಳು ಒಂದು ನೋಟ್‌ಬುಕ್ ಕೊಂಡು ಆ ಪದವನ್ನು ಹತ್ತು ಬಗೆಯ ವಾಕ್ಯದಲ್ಲಿ ಹಾಕಿ ಬರೆದಳು. ವಿವರಣೆ ಕ್ರೆಡಿಬಲ್ ಅಲ್ಲ. ಸಾಕ್ಷ್ಯ ಕ್ರೆಡಿಬಲ್ ಅಲ್ಲ. ಹೇಳಿದ್ದನ್ನೆಲ್ಲ ನಂಬಿಬಿಡುವ ಪೆದ್ದನಿಗೆ ಬೇರೆಯೇ ಪದವಿದೆ, ಕ್ರೆಡುಲಸ್, ಎರಡನ್ನೂ ಬೆರೆಸಬಾರದು. ವರ್ಷ ಕಳೆಯುವಷ್ಟರಲ್ಲಿ ಅದು ಅವಳಿಗೆ ಎಷ್ಟು ಕರಗತವಾಯಿತೆಂದರೆ, ಇಂಗ್ಲಿಷ್ ಮಾಧ್ಯಮದ ಜೂನಿಯರ್ ವಕೀಲರೇ ಬಂದು, ಮೇಡಂ ಈ ವಾಕ್ಯ ಸರಿಯಾ ಎಂದು ಕೇಳುತ್ತಿದ್ದರು. ಅವಳಿಗೆ ಹೆಮ್ಮೆ. ಹೆಮ್ಮೆ ಇರಲಿ ಬಿಡಿ, ಯಾರಿಗಿರುವುದಿಲ್ಲ? ಆದರೆ ಆ ಎರಡು ಪದದ ಕೆಳಗೆ ಎಷ್ಟು ಮನೆಯ ಒಲೆ ಆರಿದವು ಎಂದು ಅವಳು ಒಮ್ಮೆಯೂ ಲೆಕ್ಕ ಹಾಕಲಿಲ್ಲ.

ಇನ್ನೊಂದು ಪದ್ಧತಿಯೂ ಆ ಆಫೀಸಿನಲ್ಲಿ ಬೆಳೆದಿತ್ತು. ಹೇಗಿದ್ದರೂ ಕೊನೆಗೆ ಬರೆಯುವುದು ಅದನ್ನೇ ತಾನೇ ಎಂದು, ಕೊನೆಯ ತೀರ್ಮಾನದ ಪುಟಗಳನ್ನು ಕೊನೆಯ ಸಾಕ್ಷಿ ಬಾಯಿಬಿಡುವ ಮುಂಚೆಯೇ ಟೈಪು ಮಾಡಿ ಇಟ್ಟುಕೊಳ್ಳುವುದು. ಶುರುವಿನಲ್ಲಿ ಮನಸ್ಸು ಕುಟುಕುತ್ತಿತ್ತು. ಆಮೇಲೆ ಅದೂ ಅಭ್ಯಾಸವಾಯಿತು.

ಹೋದ ವರ್ಷ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಿಂದ ಮುನಿಆಂಜನಪ್ಪನ ಕೇಸು ಬಂತು. ಅದೇ ಊರಿನವನು, ಇಪ್ಪತ್ನಾಲ್ಕು ವರ್ಷ ಸರ್ವೀಸು. ತಗಡು ಒತ್ತುವ ಪ್ರೆಸ್ ಮೆಷಿನ್ನು ಅವನ ಬಲಗೈಯ ಮೂರು ಬೆರಳು ತಿಂದಿತ್ತು. ಕೈ ಒಳಗೆ ಹೋಗದಂತೆ ಮೆಷಿನ್ನಿಗೆ ಅಡ್ಡವಾಗಿ ಒಂದು ಜಾಲರಿ ಇರುತ್ತದೆ. ಅದನ್ನು ಇವನೇ ಬಿಚ್ಚಿಹಾಕಿದ್ದ ಎಂಬುದು ಕಂಪನಿಯ ಆರೋಪ. ಬೆರಳೂ ಹೋಯಿತು, ಆರೋಪ ಸಾಬೀತಾದರೆ ಕೆಲಸವೂ ಹೋಗುತ್ತದೆ.

"ನಾನ್ಯಾಕೆ ಬಿಚ್ಲಿ ಅಮ್ಮಾವ್ರೇ? ನನ್ ಕೈ ಅಲ್ವಾ ಅದು?" ಎಂದ ಅವನು ಮೊದಲ ದಿನ. "ಮಾಲು ಬೇಗ ಬರ್ಲಿ ಅಂತ ಸೂಪರ್‌ವೈಸರ್ರೇ ಹಿಂದಿನ ವಾರ ಬಿಚ್ಸುದ್ರು."

ವಿಮಲಾಕ್ಷಿಗೆ ಆ ಕ್ಷಣದಲ್ಲೇ ಅದು ನಿಜವೆನಿಸಿತು. ಇಷ್ಟು ವರ್ಷದಲ್ಲಿ ಯಾರು ಹೇಳಿದ್ದು ನಿಜ ಎಂದು ಅವಳ ಕಿವಿಗೆ ಗೊತ್ತಾಗುತ್ತಿತ್ತು. ಆದರೂ ಕೊನೆಯ ದಿನದ ಬೆಳಿಗ್ಗೆ ಎಂದಿನಂತೆ ತೀರ್ಮಾನದ ಎರಡು ಪುಟ ಟೈಪು ಮಾಡಿದಳು: ಕೆಲಸಗಾರನ ವಿವರಣೆ ನಾಟ್ ಕ್ರೆಡಿಬಲ್, ಅವನ ಪರವಾಗಿ ಒಬ್ಬರೂ ಸಾಕ್ಷಿ ಹೇಳಿಲ್ಲ. ಪ್ರಿಂಟು ತೆಗೆದು ಫೈಲಿಗೆ ಸೇರಿಸಿದಳು.

ಮಧ್ಯಾಹ್ನ ಕಾರ್ಖಾನೆಯಲ್ಲಿ ಎಂಕ್ವೈರಿ ನಡೆಯುತ್ತಿದ್ದಾಗ, ಯಾರೂ ಎಣಿಸಿರಲಿಲ್ಲ, ಅಲ್ಲಿ ಕಸ ಗುಡಿಸುವ ಆಂಜನಮ್ಮ ಸಾಕ್ಷಿಗೆ ಬಂದಳು. ಗುತ್ತಿಗೆಯ ಹೆಂಗಸು. ಸೆರಗು ಬಿಗಿಹಿಡಿದು, "ಆ ಜಾಲರಿ ಸ್ಟೋರಲ್ಲಿ ಬಿದ್ದಿತ್ತು ಸಾಮಿ, ಇವನ್ ಕೈ ಹೋಗೋಕ್ ಮುಂಚೆ ಒಂದ್ ವಾರ ನಾನೇ ಅದರ್ ಸುತ್ತ ಗುಡ್ಸಿದೀನಿ" ಎಂದಳು. ವಿಮಲಾಕ್ಷಿ ಒಂದಕ್ಷರ ಬಿಡದೆ ಟೈಪು ಮಾಡಿ, ಅಲ್ಲೇ ಪ್ರಿಂಟು ತೆಗೆದಳು.

ಆಮೇಲೆ ಸಹಿ. ಹಾಳೆಗಳನ್ನು ಮೆಟ್ಟಿಲಿನಂತೆ ಒಂದರ ಕೆಳಗೊಂದು ಸರಿಸಿ, ಕೆಳಗಿನ ಅಂಚು ಮಾತ್ರ ಕಾಣುವ ಹಾಗೆ ಜೋಡಿಸಿಕೊಡುವುದು ಅವಳ ರೂಢಿ. ಮುನಿಆಂಜನಪ್ಪ ಎಡಗೈಯಲ್ಲಿ, ತುಟಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಬರೆದ. "ಓದ್ಕೊಳ್ಳಿ" ಎಂದಿದ್ದಕ್ಕೆ, "ನೀವ್ ಓದಿ ಹೇಳಿದ್ರಲ್ಲ, ಸಾಕು ಬುಡಿ" ಎಂದ. ಹತ್ತೊಂಬತ್ತು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು.

ಸಂಜೆ ಆಫೀಸಿಗೆ ಮರಳಿ ಪುಟ ಜೋಡಿಸುವಾಗ ಅವಳು ಮತ್ತೊಮ್ಮೆ ಎಣಿಸಿದಳು. ಇರಬೇಕಾದದ್ದು ಹದಿನೇಳು ಪುಟ. ಕೊನೆಯ ಎರಡು, ಬೆಳಿಗ್ಗೆಯ ತೀರ್ಮಾನ. ಅವುಗಳ ಕೆಳಗೂ ಅವನ ಸೊಟ್ಟ ಸಹಿ, ಇವತ್ತಿನದೇ ತಾರೀಖು.

ಭಗವಂತರಾಯರು ಆ ಎರಡು ಹಾಳೆ ನೋಡಿ ಕನ್ನಡಕ ತೆಗೆದರು. "ಸಾಕ್ಷಿ ಬಂದ್ಮೇಲೂ ಸಾಕ್ಷಿ ಇಲ್ಲ ಅಂತ ಬರ್ದಿದೆ, ಅದಕ್ಕೆ ಅವನದೇ ಸಹಿ. ಸಾಕ್ಷಿ ಕೇಳೋ ಮುಂಚೆನೇ ತೀರ್ಮಾನ ಬರ್ದಿಟ್ಟಿದ್ವಿ ಅಂತ ಇದೇ ಹೇಳತ್ತೆ. ಇದು ಕೋರ್ಟಿಗೆ ಹೋದ್ರೆ ಇಡೀ ಎಂಕ್ವೈರಿ ಬಿದ್ದೋಗತ್ತೆ. ಅವನಿಗೆ ಕೆಲಸ ವಾಪಸ್, ನಾವು ಬೀದಿಗೆ." ಹಾಳೆಗಳನ್ನು ಅವಳ ಕಡೆಗೇ ತಳ್ಳಿದರು. "ನಿನ್ನ ತಪ್ಪು, ನೀನೇ ಸರಿ ಮಾಡಮ್ಮ."

ಅವರು ಕಸಿದುಕೊಳ್ಳಲಿಲ್ಲ, ಗದರಲಿಲ್ಲ. ಹಾಳೆ ಅವಳ ಕೈಯಲ್ಲೇ ಇತ್ತು. ಬ್ಯಾಗಿಗೆ ಹಾಕಿಕೊಂಡಿದ್ದರೆ ಒಬ್ಬ ಮನುಷ್ಯ ಉಳಿಯುತ್ತಿದ್ದ. ಅವಳಿಗೆ ಐವತ್ತನಾಲ್ಕು; ಈ ವಯಸ್ಸಿನ ಟೈಪಿಸ್ಟಳನ್ನು ಯಾರು ಕರೆದು ಕುರ್ಚಿ ಕೊಡುತ್ತಾರೆ? ಹರಿದಳು. ಎರಡಾಗಿ, ನಾಲ್ಕಾಗಿ, ಆಮೇಲೆ ಚೂರುಚೂರಾಗಿ. ನಂತರ ಕೂತು ಹೊಸ ವಾಕ್ಯವೊಂದನ್ನು ಸೇರಿಸಿದಳು: ಆಂಜನಮ್ಮ ಕೆಲಸಗಾರನ ಊರಿನವಳೇ ಆದ್ದರಿಂದ ಅವಳ ಸಾಕ್ಷ್ಯವೂ ನಾಟ್ ಕ್ರೆಡಿಬಲ್. "ಒಂದು ಕಾಮಾನೂ ಮುಟ್ಟೋ ಹಾಗಿಲ್ಲ" ಎಂದರು ಭಗವಂತರಾಯರು.

ತಿಂಗಳು ಕಳೆದಿರಬಹುದು. ಒಂದು ಮಧ್ಯಾಹ್ನ ಮುನಿಆಂಜನಪ್ಪ ಮೆಟ್ಟಿಲು ಹತ್ತಿ ಆಫೀಸಿಗೇ ಬಂದ. ಸಾಹೇಬರು ಇರಲಿಲ್ಲ. ಕೈಯಲ್ಲಿ ಕಂಪನಿಯ ಲಕೋಟೆ.

"ಕೆಲ್ಸದಿಂದ ತೆಗ್ದವ್ರೆ ಅಂತ ಗೊತ್ತಾಯ್ತು. ಆಂಜನಮ್ಮನ್ನೂ ಬರ್ಬೇಡ ಅಂದವ್ನೆ ಕಂಟ್ರಾಕ್ಟ್ರು. ಇದ್ರಲ್ಲಿ ಏನೈತೆ ಅಂತ ತಿಳ್ಕಬೇಕಿತ್ತು. ನನ್ ಮಗಳು ಭವ್ಯ ಓದ್ತೀನಿ ಅಂದ್ಳು. ಬ್ಯಾಡ, ನನ್ ಮಾತು ಕೇಳ್ಕಂಡು ಬರ್ದಿರೋ ಅಮ್ಮಾವ್ರೇ ಓದ್ಲಿ ಅಂತ ಬಂದೆ."

ವಿಮಲಾಕ್ಷಿ ತಾನು ಟೈಪು ಮಾಡಿದ್ದನ್ನು ತಾನೇ ಕನ್ನಡದಲ್ಲಿ ಓದಿದಳು. ಆ ಸಾಲೂ ಬಂತು. "ನಿಮ್ಮ ಮಾತು ನಂಬೋ ಹಾಗಿಲ್ಲ ಅಂತ ಬರೆದಿದಾರೆ."

"ಯಾರು?"

"ಸಾಹೇಬ್ರು."

"ಅವ್ರು ಬುಡಿ, ಕಂಪ್ನಿ ಕಡೇರು. ನೀವೂ ಕೂತು ಕೇಳುದ್ರಲ್ಲ. ನಿಮಗೇನ್ ಅನ್ನಿಸ್ತು?"

ಹರಿದ ಹಾಳೆಯ ವಿಷಯ ನಾಲಿಗೆಯ ತುದಿಗೆ ಬಂತು. ಧೈರ್ಯ ಬರಲಿಲ್ಲ. ಅದರ ಬದಲು ಇಷ್ಟಾದರೂ ಹೇಳಿ ಹಗುರಾಗೋಣ, ಅವನಿಗೂ ಸಮಾಧಾನವಾದೀತು ಎಂದುಕೊಂಡು, "ನಾನು ನಂಬಿದ್ದೆ ಕಣಪ್ಪಾ. ಮೊದಲನೇ ದಿನಾನೇ ನಂಬಿದ್ದೆ" ಎಂದಳು. ಕಣ್ಣು ತುಂಬಿ ಬಂತು.

"ನಂಬುದ್ರಾ?" ಎಂದ. "ನಂಬ್ಕಂಡೇ ಹಿಂಗ್ ಬರುದ್ರಾ?"

ಮುನಿಆಂಜನಪ್ಪ ಹಾಳೆಗಳನ್ನು ಎಡಗೈಯಲ್ಲಿ ಮಡಿಸಿ ಲಕೋಟೆಗೆ ತೂರಿಸಲು ಹೋದ. ಬಲಗೈಯಲ್ಲಿ ಉಳಿದ ಎರಡು ಬೆರಳಿಗೆ ಲಕೋಟೆ ನಿಲ್ಲಲಿಲ್ಲ, ಹಾಳೆ ನೆಲಕ್ಕೆ ಬಿತ್ತು. ವಿಮಲಾಕ್ಷಿ ಬಗ್ಗಿ ಎತ್ತಿಕೊಡಲು ಕೈ ಚಾಚಿದಳು.

"ಮುಟ್ಬೇಡಿ ಅಮ್ಮಾವ್ರೇ" ಎಂದ ಅವನು, ಮೆಲ್ಲಗೆ. ಒಂದೊಂದೇ ಹಾಳೆ ತಾನೇ ಆರಿಸಿಕೊಂಡು ಕಂಕುಳಲ್ಲಿ ಅವುಚಿ ಮೆಟ್ಟಿಲಿಳಿದು ಹೋದ.